ಹದಿನೈದನೆಯ ರೀಲು

ಕಿಂಡಿಯಣ್ಣನಿಗೆ ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದು ಅವನ ಲೈಸೆನ್ಸಿನಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆರಡು ವರ್ಷ ಒಂದೇ ಟಾಕೀಸಿನ ಪ್ರೊಜೆಕ್ಟರ್ ಕೋಣೆಯಲ್ಲಿ, ಗೋಡೆಯಲ್ಲಿದ್ದ ಅಂಗೈಯಗಲದ ಕಿಂಡಿಗೆ ಕಣ್ಣಿಟ್ಟು ನಿಂತವನಿಗೆ ಊರೇ ಕೊಟ್ಟ ಹೆಸರು ಅದು. ನಾನು ಕೆಳಗೆ ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದೆ. ನಮ್ಮಿಬ್ಬರ ನಡುವೆ ಹದಿನೆಂಟು ಕಬ್ಬಿಣದ ಮೆಟ್ಟಿಲು. ಆಟ ಶುರುವಾಗಿ ಗೇಟು ಮುಚ್ಚಿದ ಮೇಲೆ ನಾನು ಅವನ ಹತ್ತಿರ ಹತ್ತಿಹೋಗಿ ಕೂರುತ್ತಿದ್ದೆ. ಅವನನ್ನು ನಾನು ಕಂಡಷ್ಟು ಅವನ ಮನೆಯವರೂ ಕಂಡಿರಲಿಕ್ಕಿಲ್ಲ.

ಆ ಕೋಣೆ ಒಲೆಯ ಹಾಗೆ ಕಾಯುತ್ತಿತ್ತು. ಎರಡು ಯಂತ್ರ. ಒಂದಕ್ಕೆ ದೊಡ್ಡವಳು, ಇನ್ನೊಂದಕ್ಕೆ ಚಿಕ್ಕವಳು ಎನ್ನುತ್ತಿದ್ದ. ಒಂದರಲ್ಲಿ ರೀಲು ಮುಗಿಯುತ್ತ ಬಂದಾಗ ಪರದೆಯ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಅದು ಕಂಡೊಡನೆ ಇನ್ನೊಂದನ್ನು ಓಡಿಸಬೇಕು. ಒಂದು ರೆಪ್ಪೆ ಬಡಿಯುವಷ್ಟು ತಡವಾದರೂ ಪರದೆ ಬೆಳ್ಳಗಾಗುತ್ತದೆ, ಜನ ಶಿಳ್ಳೆ ಹೊಡೆಯುತ್ತಾರೆ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಪರದೆ ಒಮ್ಮೆಯೂ ಬೆಳ್ಳಗಾಗಿಲ್ಲ ಎಂಬುದು ಅವನ ದೊಡ್ಡಸ್ತಿಕೆ. ಬೇರೆಯವರು ಹೊಲ ಮನೆ ತೋರಿಸುವ ಹಾಗೆ ಅವನು ಅದನ್ನು ಹೇಳಿಕೊಳ್ಳುತ್ತಿದ್ದ.

ನಮ್ಮಲ್ಲಿ ಬರುತ್ತಿದ್ದವು ಹೆಚ್ಚಾಗಿ ರಾಜರ ಕಾಲದ ಭಕ್ತಿ ಚಿತ್ರಗಳು. ಎಲ್ಲದರಲ್ಲೂ ದೊಡ್ಡ ಮನುಷ್ಯನೊಬ್ಬ ದೊಡ್ಡ ತಪ್ಪು ಮಾಡುತ್ತಾನೆ, ಅವನಿಗೆ ಗಡ್ಡ ಬರುತ್ತದೆ, ಕಡೆಗೆ ಯಾರದೋ ಕಾಲಿಗೆ ಬೀಳುತ್ತಾನೆ. ಗಡ್ಡದ ಉದ್ದ ನೋಡಿ ಇನ್ನೆಷ್ಟು ರೀಲು ಉಳಿದಿದೆ ಎಂದು ಕಿಂಡಿಯಣ್ಣ ಹೇಳಿಬಿಡುತ್ತಿದ್ದ. ಹಾಗೆಂದು ಅವನು ನಗೆಯಾಡಿದರೂ ಜನ ನಗುತ್ತಿರಲಿಲ್ಲ. ಒಳಗೆ ಕಲ್ಲು ಹೊತ್ತುಕೊಂಡು ಬಂದವರು ಒಂದಿಷ್ಟು ಹಗುರಾಗಿ ಹೋಗುತ್ತಿದ್ದುದನ್ನು ನಾನು ಗೇಟಿನಲ್ಲಿ ನಿಂತು ಕಂಡಿದ್ದೇನೆ. ಬರುವಾಗ ಬೇರೆ ಬೇರೆ ಬಂದ ಅಣ್ಣತಮ್ಮಂದಿರು ಹೋಗುವಾಗ ಒಂದೇ ಸೈಕಲ್ಲಿನಲ್ಲಿ ಹೋದದ್ದೂ ಉಂಟು.

ಆ ಸಲ ಬಂದದ್ದು ಒಬ್ಬ ದಂಡನಾಯಕನ ಕಥೆ. ರಾಜನ ಅಪ್ಪಣೆಯಂತೆ ಒಂದು ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಇಡಿಸುತ್ತಾನೆ. ಒಳಗೆ ಮುದುಕಿಯೊಬ್ಬಳ ಒಬ್ಬನೇ ಮಗ ಇದ್ದದ್ದು ಅವನಿಗೆ ಗೊತ್ತಿರುವುದಿಲ್ಲ. ಆಮೇಲೆ ಅವನಿಗೆ ಊಟ ಸೇರುವುದಿಲ್ಲ, ನಿದ್ದೆ ಹತ್ತುವುದಿಲ್ಲ. ಕತ್ತಿ ಬಿಸಾಡಿ ಬರಿಗಾಲಲ್ಲಿ ಅಲೆದು ಆ ಮುದುಕಿಯ ಬಾಗಿಲಿಗೆ ಬರುತ್ತಾನೆ. ಹದಿನಾಲ್ಕನೆಯ ರೀಲಿನ ಕೊನೆಯಲ್ಲಿ ಬಾಗಿಲು ತಟ್ಟುತ್ತಾನೆ. ಒಳಗಿಂದ ಅವಳು ಯಾರು ಎಂದು ಕೇಳುತ್ತಾಳೆ. ಇವನು ಹೆಸರು ಹೇಳುತ್ತಾನೆ. ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ದೀಪ ಆರಿಹೋಗುತ್ತದೆ. ಹದಿನೈದನೆಯ ರೀಲಿನಲ್ಲಿ ಮುದುಕಿ ಬಾಗಿಲು ತೆಗೆಯುತ್ತಾಳೆ.

"ಹದಿನಾಲ್ಕು ರೀಲು ತಪ್ಪಿಗೆ, ಒಂದೇ ಒಂದು ಕ್ಷಮೆಗೆ" ಎನ್ನುತ್ತಿದ್ದ ಕಿಂಡಿಯಣ್ಣ. "ಯಾವುದು ಜಾಸ್ತಿ ಓಡುತ್ತೆ ಅಂತ ಮಾಡಿದವರಿಗೆ ಗೊತ್ತು."

ಆಗೆಲ್ಲ ಒಂದೇ ಪ್ರತಿಯನ್ನು ಎರಡು ಟಾಕೀಸಿನಲ್ಲಿ ಓಡಿಸುವ ಪದ್ಧತಿ ಇತ್ತು. ಆಚೆ ಟಾಕೀಸಿನಲ್ಲಿ ಎರಡಕ್ಕೆ ಆಟ ಶುರುವಾದರೆ ನಮ್ಮಲ್ಲಿ ಎರಡೂ ಮುಕ್ಕಾಲಿಗೆ. ಅಲ್ಲಿ ಓಡಿ ಮುಗಿದ ರೀಲುಗಳನ್ನು ಸೈಕಲ್ಲಿಗೆ ಕಟ್ಟಿ ಎರಡೆರಡಾಗಿ ನಮ್ಮಲ್ಲಿಗೆ ತರಬೇಕು. ಹದಿನೈದನೆಯದು ಒಂಟಿ, ಅದಕ್ಕೊಂದು ಬೇರೆ ಸವಾರಿ. ಈ ಕೆಲಸ ಕಿಂಡಿಯಣ್ಣನ ಹೆಂಡತಿಯ ತಮ್ಮನದು. ನಲವತ್ತು ದಾಟಿದ, ಮೂಟೆಯಂಥ ಆಳು. ಅವನು ಹತ್ತಿದರೆ ಸೈಕಲ್ಲು ನರಳುತ್ತಿತ್ತು. ಎರಡು ಟಾಕೀಸಿನ ನಡುವೆ ರೈಲ್ವೆ ಗೇಟು.

ಮಂಗಳವಾರ ಮ್ಯಾಟಿನಿಯಲ್ಲಿ ಆ ಗೇಟು ಬಿತ್ತು. ಗೂಡ್ಸ್ ಗಾಡಿ ಗೇಟಿನ ಮೇಲೇ ಬಂದು ನಿಂತುಕೊಂಡಿತು. ಇತ್ತ ದೊಡ್ಡವಳಲ್ಲಿ ಹದಿನಾಲ್ಕನೆಯ ರೀಲು ಕರಗುತ್ತಿತ್ತು, ಚಿಕ್ಕವಳ ಹೊಟ್ಟೆ ಖಾಲಿ. ಕಿಂಡಿಯಣ್ಣ ಎರಡು ಸಲ ಹೊರಗೆ ಬಂದು ರಸ್ತೆ ನೋಡಿದ. ಮೂಟೆಯೂ ಇಲ್ಲ, ಸೈಕಲ್ಲೂ ಇಲ್ಲ. ಇಂಥ ಹೊತ್ತಿಗೆಂದು 'ದಯವಿಟ್ಟು ಕಾಯಿರಿ' ಎಂಬ ಗಾಜಿನ ಸ್ಲೈಡು ಇತ್ತು. ಅದನ್ನು ಹಾಕಿದರೆ ಮುಗಿದುಹೋಗುತ್ತಿತ್ತು. ಆದರೆ ಅದನ್ನು ಹಾಕಿದರೆ ಇಪ್ಪತ್ತೆರಡು ವರ್ಷದ ಮಾತು ಹೋಗುತ್ತದಲ್ಲ. ಪರದೆಯ ಮೇಲೆ ಬಾಗಿಲ ಸಂದಿಯ ದೀಪ ಆರಿತು. ಚುಕ್ಕೆ ಮಿಂಚಿತು. ಕಿಂಡಿಯಣ್ಣನ ಕೈ ಬೇರೊಂದು ಸ್ಲೈಡನ್ನು ತಳ್ಳಿತು. 'ಮುಕ್ತಾಯ.'

ನಾನು ಪಕ್ಕದಲ್ಲೇ ಇದ್ದೆ. "ಇದೇನು ಮಾಡಿದೆ?" ಎಂದೆ.

"ಚೆನ್ನಾಗಿಯೇ ಮುಗೀತಲ್ಲ" ಎಂದ. ನನ್ನ ಮುಖ ನೋಡಲಿಲ್ಲ.

ನಿಜ ಹೇಳಬೇಕೆಂದರೆ ಚೆನ್ನಾಗಿಯೇ ಮುಗಿದಿತ್ತು. ಶಿಳ್ಳೆ ಇಲ್ಲ, ಕುರ್ಚಿ ಸದ್ದಿಲ್ಲ. ನಾಲ್ಕು ನೂರು ಜನ ಸಾವಿನ ಮನೆಯಿಂದ ಎದ್ದವರ ಹಾಗೆ ಎದ್ದು ಹೋದರು. ಕಾಲು ಗಂಟೆ ಬಿಟ್ಟು ಭಾವಮೈದುನ ಬೆವರಿಳಿಸುತ್ತ ಮೆಟ್ಟಿಲು ಹತ್ತಿ ಬಂದ.

"ಎಲ್ಲಿ ಜನ?"

"ಹೋದರು."

"ಕೊನೇ ರೀಲು ನನ್ನ ಕೈಲಿದೆ, ಭಾವ. ಅವರು ನೋಡಿದ್ದೇನು?"

"ನಿನ್ನ ಹೊಟ್ಟೆ ರೈಲ್ವೆ ಗೇಟಿಗೆ ಸಿಕ್ಕಿಹಾಕಿಕೊಂಡಿದ್ದನ್ನ."

ಮೂವರೂ ನಕ್ಕೆವು. ನಗಬಾರದಿತ್ತು ಎಂದು ಮರುದಿನ ಗೊತ್ತಾಯಿತು.

ಬುಧವಾರ ಬೆಳಿಗ್ಗೆ ಕ್ಷೌರದಂಗಡಿಯಲ್ಲಿ ಜಗಳವೇ ಎದ್ದಿತ್ತು. ಮುದುಕಿ ಬಾಗಿಲು ತೆಗೆಯುತ್ತಾಳೆ ಎಂದು ಅರ್ಧ ಮಂದಿ, ತೆಗೆಯುವುದಿಲ್ಲ ಎಂದು ಅರ್ಧ ಮಂದಿ. "ನಿದ್ದೆ ಹೊಡೆದಿರಬೇಕು ನೀನು" ಎಂದು ಒಬ್ಬ, "ನಿನ್ನ ಕಣ್ಣಿಗೆ ಕನಸು ಬಿದ್ದಿರಬೇಕು" ಎಂದು ಇನ್ನೊಬ್ಬ. ಮುಖಕ್ಕೆ ಸೋಪು ಹಚ್ಚಿಸಿಕೊಂಡವನು ಎದ್ದು ನಿಂತು ಆಣೆ ಹಾಕುತ್ತಿದ್ದ. ನಾನು ಇದನ್ನು ಹೇಳಿ ನಗಿಸೋಣವೆಂದು ಟಾಕೀಸಿಗೆ ಬಂದರೆ ಗೇಟಿನಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವವಳು. ಗಂಡ ಟೌನ್ ಬಸ್ಸಿನ ಡ್ರೈವರ್.

"ಚಿತ್ರ ಬಿಡುವವರನ್ನ ನೋಡಬೇಕು" ಎಂದಳು. ಕರೆದುಕೊಂಡು ಹೋದೆ.

"ಅಣ್ಣ, ಆ ಮುದುಕಿ ಬಾಗಿಲು ತೆಗೀತಾಳಂತೆ, ಹೌದಾ?"

ಕಿಂಡಿಯಣ್ಣ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದ. "ತೆಗೀತಾಳೆ."

"ಮತ್ತೆ ನಮಗೆ ಯಾಕೆ ತೆಗೀಲಿಲ್ಲ?"

ಅವನು ಎಣ್ಣೆ ಡಬ್ಬಿ ಕೆಳಗಿಟ್ಟ. ಸುಳ್ಳು ಹೇಳಲು ಬಾಯಿ ಬರಲಿಲ್ಲ. ರೈಲ್ವೆ ಗೇಟು, ಸ್ಲೈಡು, ಎಲ್ಲ ಹೇಳಿದ. ಅವಳು ಅಲ್ಲೇ ಇದ್ದ ರೀಲಿನ ಪೆಟ್ಟಿಗೆಯ ಮೇಲೆ ಕೂತು ತನ್ನ ಮಾತು ಹೇಳಿದಳು.

ಒಂಬತ್ತು ವರ್ಷದ ಹಿಂದೆ ಅವಳ ಗಂಡ ಓಡಿಸುತ್ತಿದ್ದ ಬಸ್ಸಿನಿಂದ ಅವನ ಸ್ವಂತ ಅಕ್ಕ ಹಿಂದಿನ ಬಾಗಿಲಲ್ಲಿ ಇಳಿಯುತ್ತಿದ್ದಳು. ಕಂಡಕ್ಟರ್ ಸೀಟಿ ಊದುವ ಮುಂಚೆಯೇ ಇವನು ಬಸ್ಸು ಬಿಟ್ಟ. ಅಕ್ಕನ ಕಾಲು ಹಿಂದಿನ ಗಾಲಿಗೆ ಸಿಕ್ಕಿತು. ಮಂಡಿಯ ಕೆಳಗೆ ತೆಗೆಯಬೇಕಾಯಿತು. ವಿಚಾರಣೆಯಲ್ಲಿ ಅಕ್ಕ, ನಾನೇ ಕಾಲು ಜಾರಿ ಬಿದ್ದೆ, ತಮ್ಮನದೇನೂ ತಪ್ಪಿಲ್ಲ ಎಂದು ಬರೆದುಕೊಟ್ಟಳು. ಇವನ ಕೆಲಸ ಉಳಿಯಿತು. ಅಂದಿನಿಂದ ಇವನು ಅಕ್ಕನ ಮುಖ ನೋಡಿಲ್ಲ. ಅವಳ ಬೀದಿಯ ಮೇಲೆ ಹೋಗುವ ರೂಟು ಬೇಡವೆಂದು ಬರೆದುಕೊಟ್ಟು ಬೇರೆ ರೂಟು ಹಾಕಿಸಿಕೊಂಡ.

"ಈ ಶನಿವಾರ ಇವರ ಅಕ್ಕ ತಮ್ಮ ಮಗಳ ಊರಿಗೆ ಹೋಗ್ತಾರೆ. ಮನೆ ಖಾಲಿ ಮಾಡಿಕೊಂಡು. ಎರಡು ದಿನದ ಪ್ರಯಾಣ, ಇನ್ನು ವಾಪಸ್ ಬರಲ್ಲ. ಹೋಗೋಕೆ ಮುಂಚೆ ಒಂದು ಸಲ ನೋಡಿ ಬನ್ನಿ ಅಂತ ತಿಂಗಳಿಂದ ಹೇಳ್ತಿದ್ದೆ. ಈ ಚಿತ್ರ ನೋಡಿದವರ ಮನಸ್ಸು ಕರಗುತ್ತೆ ಅಂತ ಯಾರೋ ಅಂದರು. ಎಳಕೊಂಡು ಬಂದೆ. ಬಾಗಿಲು ತಟ್ಟೋವಾಗ ನನ್ನ ಕೈ ಹಿಡಿದುಕೊಂಡರು ಅಣ್ಣ, ಮದುವೆಯಾಗಿ ಇಷ್ಟು ವರ್ಷಕ್ಕೆ. ದೀಪ ಆರಿತು, ಕೈ ಬಿಟ್ಟರು. ಹೊರಗೆ ಬಂದು ಒಂದೇ ಮಾತು ಅಂದರು. ನೋಡಿದೆಯಾ, ತಟ್ಟಿದವನು ಹೊರಗೇ ನಿಂತ, ಅದೇ ನ್ಯಾಯ ಅಂತ."

ಕಿಂಡಿಯಣ್ಣ ಎರಡು ಪಾಸು ಬರೆದುಕೊಟ್ಟ. ಗುರುವಾರ ಕೊನೆಯ ದಿನ, ಆಮೇಲೆ ಪ್ರತಿ ಬೇರೆ ಊರಿಗೆ ಹೋಗುತ್ತದೆ, ಹೇಗಾದರೂ ಕರೆತಾ ಎಂದ. ಅವಳು ಪಾಸು ತೆಗೆದುಕೊಂಡಳು. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದಳು: "ನಿಮ್ಮ ಪರದೆ ಬೆಳ್ಳಗಾಗಬಾರದು ಅಂತ ನಮ್ಮ ಮನೆ ಕತ್ತಲೆ ಮಾಡಿದಿರಿ."

ಅಂದು ಸಂಜೆಯೇ ಪಾಸು ನಾಲ್ಕು ಚೂರಾಗಿ ವಾಪಸ್ಸು ಬಂತು. ಆ ಟಾಕೀಸಿಗೆ ಇನ್ನು ಕಾಲಿಡುವುದಿಲ್ಲ ಎಂದನಂತೆ ಡ್ರೈವರ್.

ಗುರುವಾರ ಬೆಳಿಗ್ಗೆ ಕಿಂಡಿಯಣ್ಣ ಆ ಬಸ್ಸು ಹತ್ತಿ ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತ. ಇಲ್ಲಿಂದ ಮುಂದಿನದು ಅವನೇ ನನಗೆ ಹೇಳಿದ್ದು. ಅವನು ಸುಣ್ಣ ಬಣ್ಣ ಹಚ್ಚಿ ಹೇಳುವವನಲ್ಲ.

ಒಂದು ಸುತ್ತು ಹೋದ. ಮಾತು ಶುರು ಮಾಡಲು ಕೆಮ್ಮಿದ.

"ಓದೋಕೆ ಬರಲ್ವಾ?" ಎಂದ ಡ್ರೈವರ್, ತಿರುಗದೆ. ತಲೆಯ ಮೇಲೆ ಚಾಲಕನೊಂದಿಗೆ ಮಾತನಾಡಬೇಡಿ ಎಂಬ ಬರಹ ಇತ್ತು.

ಎರಡನೆಯ ಸುತ್ತು. ಮೂರನೆಯ ಸುತ್ತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿಯುತ್ತಾರೆ, ಇವನು ಕೂತೇ ಇರುತ್ತಾನೆ, ಮತ್ತೆ ಟಿಕೆಟ್ ಕೇಳುತ್ತಾನೆ. ಕಂಡಕ್ಟರ್‌ಗೆ ತಮಾಷೆ ಅನ್ನಿಸಿತು.

"ಏನು ಯಜಮಾನರೇ, ಬಸ್ಸಿಗೆ ಹೆಣ್ಣು ಕೊಡೋ ಯೋಚನೆಯೋ? ಇಷ್ಟು ಸಲ ನೋಡ್ತಿದ್ದೀರಿ."

"ಇಳಿಯೋ ಸ್ಟಾಪು ಬರಲಿಲ್ಲ" ಎಂದ ಕಿಂಡಿಯಣ್ಣ.

ನಾಲ್ಕನೆಯ ಸುತ್ತು ಮುಗಿದಾಗ ಬಸ್ಸಿಗೆ ಹತ್ತು ನಿಮಿಷ ಬಿಡುವಿತ್ತು. ಕಂಡಕ್ಟರ್ ಚಹಾ ಕುಡಿಯಲು ಹೋದ. ಡ್ರೈವರ್ ಬಟ್ಟೆ ಹಿಡಿದು ಮುಂದಿನ ಗಾಜು ಒರೆಸುತ್ತಿದ್ದ. ಕಿಂಡಿಯಣ್ಣ ಇಳಿದು ಅವನ ಎದುರು ಹೋಗಿ ನಿಂತ.

"ನಾನು ಟಾಕೀಸಿನ ಆಪರೇಟರ್. ಮಂಗಳವಾರ ನೀವು ನೋಡಿದಿರಲ್ಲ, ಆ ಚಿತ್ರ ಹಾಗೆ ಮುಗಿಯಲ್ಲ. ಮುದುಕಿ ಬಾಗಿಲು ತೆಗೀತಾಳೆ."

ಡ್ರೈವರ್ ಒರೆಸುವುದನ್ನು ನಿಲ್ಲಿಸಲಿಲ್ಲ. "ನನ್ನ ಹೆಂಡತಿ ಕಳಿಸಿದಳಾ?"

"ಅವರು ಬೈದರು. ಕಳಿಸಲಿಲ್ಲ."

"ಸರಿ. ಬಾಗಿಲು ತೆಗೆದು ಏನಂತಾಳೆ?"

ಕಿಂಡಿಯಣ್ಣನಿಗೆ ಅದು ಗೊತ್ತಿರಲಿಲ್ಲ. ಕೊನೆಯ ರೀಲು ಓಡುವಾಗ ಆಪರೇಟರ್‌ಗೆ ಕೈತುಂಬ ಕೆಲಸ. ಹಿಂದಿನ ರೀಲನ್ನು ಕೈಯಿಂದ ತಿರುವಿ ವಾಪಸು ಸುತ್ತಬೇಕು, ಬಾಗಿಲ ದೀಪ ಹಾಕಬೇಕು, ಮುಂದಿನ ಆಟಕ್ಕೆ ಯಂತ್ರದೊಳಗೆ ಉರಿಯುವ ಕಾರ್ಬನ್ ಕಡ್ಡಿ ಬದಲಿಸಬೇಕು. ಬಾಗಿಲು ತೆರೆಯುವುದು ಕಿಂಡಿಯಲ್ಲಿ ಕಾಣುತ್ತದೆ. ಆಮೇಲೆ ಅವಳ ಬಾಯಲ್ಲಿ ಏನು ಬಂತು ಎಂದು ಯಂತ್ರದ ಸದ್ದಿನಲ್ಲಿ ಯಾರು ಕೇಳಿದವರು? ಸಾವಿರ ಚಿತ್ರ ಓಡಿಸಿದವನಿಗೆ ಅಲ್ಲೇ ಒಂದು ಒಳ್ಳೆಯ ಮಾತು ಹೆಣೆಯುವುದು ಕಷ್ಟವಿರಲಿಲ್ಲ. ಆದರೆ ಒಂದು ಸಲ ತನಗೆ ಬೇಕಾದ ಹಾಗೆ ಚಿತ್ರ ಮುಗಿಸಿ ಆಗಿತ್ತು. ಇನ್ನೊಂದು ಸಲ ಮುಗಿಸಲು ಅವನಿಗೆ ಮನಸ್ಸಾಗಲಿಲ್ಲ.

"ಗೊತ್ತಿಲ್ಲ" ಎಂದ. "ಇಪ್ಪತ್ತೆರಡು ವರ್ಷದಲ್ಲಿ ಒಂದು ಚಿತ್ರದ ಕೊನೇ ರೀಲನ್ನೂ ನಾನು ನೆಟ್ಟಗೆ ಕೇಳಿಲ್ಲ."

ಡ್ರೈವರ್ ಈಗ ತಿರುಗಿ ನೋಡಿದ. "ಅದನ್ನ ಹೇಳೋಕೆ ಬೆಳಿಗ್ಗೆಯಿಂದ ನನ್ನ ಬೆನ್ನಿಗೆ ಅಂಟಿಕೊಂಡಿದ್ದಿರಾ?"

"ಇಲ್ಲ. ರೀಲು ಬರಲಿಲ್ಲ. ಕಾಯಿರಿ ಅಂತ ಹಾಕಬಹುದಿತ್ತು, ಹಾಕಲಿಲ್ಲ. ನನ್ನ ಜಂಭಕ್ಕೆ ಸುಳ್ಳು ಮುಕ್ತಾಯ ಹಾಕಿದೆ. ನಾಲ್ಕು ನೂರು ಜನ ಇದ್ದರು. ಅವರ ಮನೆಯೆಲ್ಲ ನನಗೆ ಗೊತ್ತಿಲ್ಲ, ನಿಮ್ಮ ಬಸ್ಸು ಗೊತ್ತಾಯ್ತು. ತಪ್ಪಾಯ್ತು ನನ್ನಿಂದ. ಇಷ್ಟೇ ಹೇಳೋಕೆ ಬಂದೆ."

ಡ್ರೈವರ್ ಬಟ್ಟೆಯನ್ನು ನೀರಿಗೆ ಅದ್ದಿ ಎತ್ತಿದ. ಆಮೇಲೆ ಅವನಿಗೆ ನಗು ಬಂತು.

"ಇಷ್ಟಕ್ಕೆ ನಾಲ್ಕು ಸುತ್ತಾ?"

"ಮೊದಲ ಮೂರು ಸುತ್ತು ಧೈರ್ಯ ಬರಲಿಲ್ಲ."

"ಒಳ್ಳೆ ಮನುಷ್ಯ ನೀವು. ಹತ್ತಿದ ತಕ್ಷಣ ಹೇಳಿ ಮುಗಿಸೋದಲ್ವಾ? ನಾನೇನು ನಿಮ್ಮನ್ನ ತಿಂದುಬಿಡ್ತಿದ್ನಾ?"

ಮಾತು ಆಡಿದವನು ಹಾಗೇ ನಿಂತುಬಿಟ್ಟ. ಕೈಯಲ್ಲಿದ್ದ ಬಟ್ಟೆಯಿಂದ ನೀರು ಅವನ ಬೂಟಿನ ಮೇಲೆ ತೊಟ್ಟಿಕ್ಕುತ್ತಿತ್ತು. ನಗು ಯಾವಾಗ ಹೋಯಿತೋ ತಿಳಿಯಲಿಲ್ಲ. ಕಂಡಕ್ಟರ್ ಬಂದು ಸೀಟಿ ಊದಿದ. ಡ್ರೈವರ್ ಮೇಲೆ ಹತ್ತಿ ಕೂತು, ಕನ್ನಡಿಯಲ್ಲಿ ಒಂದು ಸಲ ಹಿಂದಿನ ಬಾಗಿಲು ನೋಡಿದ, ಇನ್ನೊಂದು ಸಲ ನೋಡಿದ. ಆಮೇಲೆ ಕಿಂಡಿಯಣ್ಣನಿಗೆ ಹೇಳಿದ:

"ಒಂದು ಗಂಟೆಗೆ ನನ್ನ ಡ್ಯೂಟಿ ಮುಗಿಯುತ್ತೆ. ನೀವು ಇಳೀಬೇಡಿ."

ಅಕ್ಕನ ಮನೆ ಒಂದು ಹೆಂಚಿನ ಸಾಲುಮನೆಯ ಮೂರನೆಯ ಕೋಣೆ. ಅವಳು ಮನೆಯಲ್ಲೇ ಕೂತು ಪುಸ್ತಕ ಬೈಂಡ್ ಮಾಡುತ್ತಿದ್ದಳು. ಡ್ರೈವರ್ ದಾರಿಯುದ್ದಕ್ಕೂ ಬಾಗಿಲು ಹೇಗೆ ತಟ್ಟುವುದೆಂದು ಯೋಚಿಸುತ್ತ ಬಂದಿದ್ದನೋ ಏನೋ, ಬಂದು ನೋಡಿದರೆ ತಟ್ಟುವುದಕ್ಕೆ ಬಾಗಿಲು ಮುಚ್ಚಿಯೇ ಇಲ್ಲ. ಅದು ಹಾರುಹೊಡೆದಿತ್ತು. ಗಾಳಿಗೆ ಮುಚ್ಚದಿರಲೆಂದು ಹಳೆಯ ಇಸ್ತ್ರಿಪೆಟ್ಟಿಗೆಯೊಂದನ್ನು ಒತ್ತಿಟ್ಟಿದ್ದಳು. ಒಳಗೆ ಗೋಣಿಚೀಲಗಳು, ಹಗ್ಗ ಬಿಗಿದ ಟ್ರಂಕು. ಮರದ ಕಾಲನ್ನು ಬಿಚ್ಚಿ ಗೋಡೆಗೆ ಒರಗಿಸಿ, ಚಾಪೆಯ ಮೇಲೆ ಕೂತು ಕೊನೆಯ ಪುಸ್ತಕಗಳನ್ನು ಹೊಲಿಯುತ್ತಿದ್ದಳು.

"ಅಕ್ಕ."

ಅವಳು ತಲೆ ಎತ್ತಲಿಲ್ಲ. "ಬೆಳಕಿಗೆ ಅಡ್ಡ ನಿಲ್ಲಬೇಡ. ಸೂಜಿ ಕಾಣಲ್ಲ."

ಅವನು ಪಕ್ಕಕ್ಕೆ ಸರಿದ. ಅವಳು ನಾಲ್ಕು ಹೊಲಿಗೆ ಹಾಕಿದಳು. ಆ ನಾಲ್ಕು ಹೊಲಿಗೆಯಷ್ಟು ಉದ್ದದ ರೀಲನ್ನು ತಾನು ಯಾವತ್ತೂ ಓಡಿಸಿಲ್ಲ ಎಂದು ಕಿಂಡಿಯಣ್ಣ ಆಮೇಲೆ ಹೇಳಿದ.

"ಎರಡು ಸ್ಟಾಪು ದೂರ" ಎಂದಳು ಅಕ್ಕ. "ಒಂಬತ್ತು ವರ್ಷ ಹಿಡೀತು. ಯಾವ ರಸ್ತೆ ಸುತ್ತಿಕೊಂಡು ಬಂತೋ ನಿನ್ನ ಬಸ್ಸು?"

"ತಪ್ಪಾಯ್ತು ಅಕ್ಕ."

"ಯಾವುದು?"

"ಸೀಟಿ ಊದೋಕೆ ಮುಂಚೆ ಬಸ್ಸು ಬಿಟ್ಟೆ."

"ಅದಕ್ಕೆ ಮೊದಲನೇ ವರ್ಷವೇ ಬೈದು ಮುಗಿಸಿದ್ದೀನಿ, ಈ ಗೋಡೆ ಹತ್ತಿರ. ಬೇಕಾದರೆ ಅದನ್ನೇ ಕೇಳು. ಉಳಿದ ಎಂಟು ವರ್ಷದ್ದು ಬೇರೆ ಇದೆ. ಕಾಲು ಹೋದಾಗ ತಮ್ಮ ಇದ್ದಾನೆ ಅಂದುಕೊಂಡೆ ಕಣೋ. ನಿನ್ನ ಕೆಲಸ ಉಳೀಲಿ ಅಂತ ಆಫೀಸಿನಲ್ಲಿ ಸುಳ್ಳು ಬರೆದುಕೊಟ್ಟೆ. ನೀನು ಕೆಲಸ ಇಟ್ಟುಕೊಂಡು ನನ್ನನ್ನ ಬಿಟ್ಟೆ. ಕಾಲಿಲ್ಲದೆ ನಡೆಯೋದು ಕಲಿತೆ. ತಮ್ಮ ಇಲ್ಲದೆ ಇರೋದು ಹೇಗೆ ಅಂತ ಯಾರೂ ಹೇಳಿಕೊಡಲಿಲ್ಲ."

ಡ್ರೈವರ್ ಹೊಸ್ತಿಲ ಮೇಲೇ ಕುಸಿದು ಕೂತು ಅಳತೊಡಗಿದ. ಅವಳು ಹೊಲಿದಿಟ್ಟ ಹಾಳೆಗಳನ್ನು ತನ್ನ ಕಡೆ ಎಳೆದುಕೊಂಡಳು.

"ಅಳೋದಾದರೆ ಆ ಕಡೆ ತಿರುಗಿ ಅಳು. ಕಾಗದ ನೆನೆಯುತ್ತೆ." ಆಗ ಅವಳ ಕಣ್ಣು ಹೊರಗೆ ನಿಂತವನ ಮೇಲೆ ಬಿತ್ತು. "ಇವರು ಯಾರು?"

"ಟಾಕೀಸಿನ ಆಪರೇಟರ್ ಅಮ್ಮ. ನನ್ನಿಂದಲೂ ಒಂದು ತಪ್ಪಾಗಿತ್ತು. ನಿಮ್ಮ ತಮ್ಮ ನಕ್ಕು ಬಿಟ್ಟುಬಿಟ್ಟರು."

"ಬಿಡೋದು ಬೇಗ ಬಿಡ್ತಾನೆ. ಚಿಕ್ಕವನಿದ್ದಾಗಲೂ ಅಷ್ಟೇ. ಕೇಳೋದಕ್ಕೆ ಮಾತ್ರ ನಾಲಗೆ ಏಳಲ್ಲ." ಸೂಜಿಯನ್ನು ಪುಸ್ತಕಕ್ಕೆ ಚುಚ್ಚಿ ಬದಿಗಿಟ್ಟಳು. "ಏಳೋ. ಆ ಟ್ರಂಕಿನ ಹಗ್ಗ ಬಿಚ್ಚು, ಲೋಟಗಳು ಅದರಲ್ಲಿವೆ. ಬಂದವರಿಗೆ ಚಹಾ ಕೊಡಬೇಡವಾ?"

"ಶನಿವಾರ ಹೋಗೋಕೆ ಕಟ್ಟಿಟ್ಟಿದ್ದಲ್ವಾ ಅಕ್ಕ?"

"ಮಗಳಿಗೆ ಫೋನ್ ಮಾಡಿ ಹೇಳು, ಈಗ ಬರಲ್ಲ ಅಂತ. ಎಂಟು ವರ್ಷದ ಬೈಗುಳ ಎರಡು ದಿನದಲ್ಲಿ ಮುಗಿಯುತ್ತಾ?"

ಅಂದು ಕಿಂಡಿಯಣ್ಣ ಟಾಕೀಸಿಗೆ ಬಂದಾಗ ಮೂರು ಗಂಟೆ. ಪರದೆ ಬೆಳ್ಳಗೆ ನಿಂತಿತ್ತು, ಒಳಗೆ ಶಿಳ್ಳೆಯೋ ಶಿಳ್ಳೆ, ಮ್ಯಾನೇಜರ್ ಮೆಟ್ಟಿಲ ಮೇಲೆ ನಿಂತು ಕೂಗಾಡುತ್ತಿದ್ದ. ಇವನು ಶಾಂತವಾಗಿ ಮೇಲೆ ಹತ್ತಿ, 'ದಯವಿಟ್ಟು ಕಾಯಿರಿ' ಹಾಕಿ, ಕೈ ತೊಳೆದುಕೊಂಡು ಬಂದು ಯಂತ್ರ ಮುಟ್ಟಿದ. ಕೊನೆಯ ರೀಲು ಬಂದಾಗ ನನ್ನ ಕೈಗೆ ಸುತ್ತುವ ಹಿಡಿ ಕೊಟ್ಟು, ತಾನು ಕಿಂಡಿಗೆ ಮುಖವಿಟ್ಟು ನಿಂತ. ಪೂರ್ತಿ ನೋಡಿದ.

"ಏನಂದಳು ಮುದುಕಿ?" ಎಂದೆ.

"ಎಲ್ಲ ಕ್ಷಮಿಸಿದೆ ಅಂದಳು. ಆಮೇಲೆ ಹಾಡು" ಎಂದ. "ಬಹಳ ಬೇಗ ಮುಗಿಸಿದರು ಕಣಯ್ಯ. ಬೈಯೋದಕ್ಕೂ ಬಿಡಲಿಲ್ಲ ಪಾಪ, ಆ ಹೆಂಗಸನ್ನ."

ಅಲ್ಲಿಂದ ಮುಂದೆ ಡ್ರೈವರ್ ಪ್ರತಿ ಭಾನುವಾರ ಹೆಂಡತಿಯ ಜೊತೆ ಅಕ್ಕನ ಮನೆಗೆ ಹೋಗುತ್ತಿದ್ದ. ಹಳೆಯ ರೂಟನ್ನೂ ಕೇಳಿ ಹಾಕಿಸಿಕೊಂಡ. ಮಗಳು ಬಂದು ತಾಯಿಯನ್ನು ನೋಡಿಕೊಂಡು ಒಬ್ಬಳೇ ವಾಪಸು ಹೋದಳಂತೆ. ಗೋಣಿಚೀಲಗಳು ಒಂದೊಂದಾಗಿ ಬಿಚ್ಚಿಕೊಂಡವು. ಬೈಂಡ್ ಮಾಡಿದ ಪುಸ್ತಕಗಳನ್ನು ಅಂಗಡಿಗೆ ಸಾಗಿಸುವುದು ಈಗ ತಮ್ಮನ ಕೆಲಸ. ಮಳೆಗಾಲ ಬಂದು ಹೋದ ಮೇಲೆ ಒಂದು ಭಾನುವಾರ ಅವನು ಗೇಟಿನ ಹತ್ತಿರ ಸಿಕ್ಕ. ಕಂಕುಳಲ್ಲಿ ಪುಸ್ತಕದ ಕಟ್ಟು. ಕಿಂಡಿಯಣ್ಣನೂ ಕೆಳಗೇ ಇದ್ದ.

"ಎಲ್ಲಿಗೆ ಬಂತು ಬೈಗುಳ?" ಎಂದ ಕಿಂಡಿಯಣ್ಣ.

"ಮೂರನೇ ವರ್ಷ ನಡೀತಿದೆ. ಅವಳಿಗೆ ಜ್ವರ ಬಂದು ಒಬ್ಬಳೇ ಮಲಗಿದ್ದಳಲ್ಲ, ಆ ವರ್ಷ. ಇವತ್ತು ಬಹಳ ಖಾರವಾಗಿತ್ತು. ಮಧ್ಯೆ ಮಧ್ಯೆ ಊಟಕ್ಕೆ ಬಡಿಸ್ತಾಳೆ, ಮತ್ತೆ ಶುರು ಮಾಡ್ತಾಳೆ."

"ಇನ್ನೂ ಎಷ್ಟಿದೆಯಂತೆ?"

"ಆರು ವರ್ಷದ್ದು ಬಾಕಿ ಇದೆ ಅಂದಳು." ಅವನು ಕಟ್ಟನ್ನು ಒಂದು ಕಂಕುಳಿಂದ ಇನ್ನೊಂದಕ್ಕೆ ಬದಲಿಸಿಕೊಂಡ. "ನಿಧಾನವಾಗಿ ಬೈಯಿ ಅಕ್ಕ, ನಾನಿಲ್ಲೇ ಇರ್ತೀನಿ ಅಂದೆ."